ಒಣಗಿದ ತೆಂಗು, ಒಣಗಿದ ಕಾಯಿ

‘ನಲವತ್ತು ತೆಂಗು ಒಣಗಿಹೋದವು’ ಎಂಬ ಸರಳವಾದ ಕನ್ನಡ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಿ ನಾನು ಒಬ್ಬ ರೈತನಿಗೆ ನಷ್ಟ ಮಾಡಿದ್ದೇನೆ. ಇದನ್ನು ಮೊದಲೇ ಒಪ್ಪಿಕೊಂಡು ಮುಂದಿನ ಮಾತಿಗೆ ಹೋಗುವುದು ಒಳ್ಳೆಯದು. ಏಕೆಂದರೆ ಇಲ್ಲಿ ನಾನು ದೊಡ್ಡವರ ಪದಗಳ ಆಯ್ಕೆಯನ್ನು ಕುರಿತು ಒಂದೆರಡು ಟೀಕೆಯ ಮಾತನ್ನೂ ಆಡಲಿದ್ದೇನೆ. ಆಡುವವನ ಯೋಗ್ಯತೆ ಎಷ್ಟರದೆಂದು ಓದುಗರಿಗೆ ಗೊತ್ತಿರಬೇಕು.

ನಡೆದದ್ದು 2003ರಲ್ಲಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳವರಿಗೆ ಆ ಕಾಲವನ್ನು ನೆನಪು ಮಾಡಿಕೊಡಬೇಕಾಗಿಲ್ಲ. 2001ರಿಂದ ಮೂರು ವರ್ಷ ಮಳೆ ಕೈಕೊಟ್ಟಿತು. ತೆಂಗು ಒಂದು ವರ್ಷದ ಬರಕ್ಕೆ ಹೆದರುವ ಮರವಲ್ಲ. ಎರಡನೆಯ ವರ್ಷ ಕೆಳಗಿನ ಗರಿ ಜೋತುಬೀಳುತ್ತದೆ, ಹರಳು ಉದುರುತ್ತದೆ, ಕಟ್ಟಿದ ಕಾಯಿ ಸಣ್ಣಗಾಗುತ್ತದೆ. ಮೂರನೆಯ ವರ್ಷ ಸುಳಿ ಬೀಳುತ್ತದೆ. ಸುಳಿ ಬಿದ್ದ ಮೇಲೆ ಅದು ಮರವಲ್ಲ, ಕಂಬ.

ನಮ್ಮ ತೋಟದ ಬದುವಿನಾಚೆಯ ಯಜಮಾನರನ್ನು ನಾನು ದೊಡ್ಡಪ್ಪ ಎಂದೇ ಕರೆಯುತ್ತಿದ್ದುದು. ನನಗಿಂತ ಇಪ್ಪತ್ತು ವರ್ಷಕ್ಕೆ ಹಿರಿಯರಾದರೂ ಅವರು ನನ್ನನ್ನು ಹೆಸರು ಹಿಡಿದು ಕೂಗಿದವರಲ್ಲ. “ಮೇಷ್ಟ್ರೇ, ಸಾಲದ ಕಂತು ಮುಂದಕ್ಕೆ ಹಾಕ್ಕೊಡಿ ಅಂತ ಒಂದು ಅರ್ಜಿ ಬರ್ಕೊಡಿ. ಇಂಗ್ಲಿಷ್ನಾಗೆ ಬರೆದ್ರೆ ಮೇಲ್ನೋರು ಬೇಗ ನೋಡ್ತಾರಂತೆ” ಎಂದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿದವನಿಗೆ ಇದು ಎಷ್ಟರ ಕೆಲಸ! ಅಲ್ಲೇ ಜಗಲಿಯ ಮೇಲೆ ಕುಳಿತು ಬರೆದುಕೊಟ್ಟೆ. ಫಾರ್ಟಿ ಕೊಕೊನಟ್ಸ್ ಹ್ಯಾವ್ ಡ್ರೈಡ್. ವ್ಯಾಕರಣದಲ್ಲಿ ಎಲ್ಲಿಯೂ ತಪ್ಪಿಲ್ಲ. ನನ್ನ ವಿದ್ಯಾರ್ಥಿ ಯಾರಾದರೂ ಹೀಗೆ ಬರೆದಿದ್ದರೆ ನಾನೇ ಪೂರ್ತಿ ಅಂಕ ಕೊಡುತ್ತಿದ್ದೆ.

ಮೂರು ವಾರದ ಮೇಲೆ ಉತ್ತರ ಬಂತು. ಒಣಗಿದ ತೆಂಗಿನಕಾಯಿಗಳನ್ನು ಯಾವಾಗ ಮಾರಲಾಯಿತು, ಎಷ್ಟು ಹಣ ಬಂತು, ಆ ಹಣವನ್ನು ಸಾಲದ ಖಾತೆಗೆ ಜಮಾ ಮಾಡಿದೆಯೇ ಎಂದು ಅದರಲ್ಲಿ ಕೇಳಿದ್ದರು. ದೊಡ್ಡಪ್ಪ ಆ ಕಾಗದ ಹಿಡಿದುಕೊಂಡು ನಮ್ಮ ಮನೆಗೆ ಬಂದಾಗ ನಗಲಿಲ್ಲ, ನಾನೂ ನಗಲಿಲ್ಲ. ಮತ್ತೆ ಬರೆದು, ಅವರು ಮತ್ತೆ ನೋಡಿ, ಸ್ಥಳಕ್ಕೆ ಬಂದು ಹೋಗುವ ಹೊತ್ತಿಗೆ ಕಂತಿನ ಗಡುವು ಮೀರಿತು. ಒಂದು ಕಂತಿನ ಮೇಲಿನ ದಂಡದ ಬಡ್ಡಿ ಅವರ ತಲೆಗೆ ಬಂತು. ಅದನ್ನು ನಾನು ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ.

ಉತ್ತರ ಬರೆದ ಅಧಿಕಾರಿಯನ್ನು ಬಹಳ ದಿನ ಮನಸ್ಸಿನಲ್ಲೇ ಬೈದುಕೊಂಡೆ. ಆಮೇಲೆ ನಿಧಾನವಾಗಿ ಯೋಚಿಸಿದಾಗ ಆತ ಓದಿದ್ದು ಸರಿಯಾಗಿಯೇ ಇದೆ, ನಾನು ಬರೆದದ್ದೇ ತಪ್ಪು ಎಂದು ಹೊಳೆಯಿತು. ನಮ್ಮ ಮಾತಿನಲ್ಲಿ ತೆಂಗು ಎಂದರೆ ಮರ; ಅದರಲ್ಲಿ ಬಿಡುವುದು ಕಾಯಿ. ‘ಅವರಿಗೆ ಇನ್ನೂರು ತೆಂಗಿದೆ’ ಎಂದರೆ ಇನ್ನೂರು ಮರವಿದೆ ಎಂದು ಹೆಣ್ಣು ಕೊಡುವವರಿಗೂ ಗೊತ್ತು. ಯಾರೂ ದೇವಸ್ಥಾನದಲ್ಲಿ ತೆಂಗು ಒಡೆಯುವುದಿಲ್ಲ, ಕಾಯಿ ಒಡೆಯುತ್ತಾರೆ. ಇಂಗ್ಲಿಷಿನಲ್ಲಿ ಕೊಕೊನಟ್ ಎಂದರೆ ಮೊದಲು ಕಾಯಿ. ಮರ ಬೇಕಾದರೆ ಟ್ರೀ ಎಂದೋ ಪಾಮ್ ಎಂದೋ ಬಾಲ ಹಚ್ಚಬೇಕು. ಇದು ಒಂದು ಎಡವಟ್ಟು. ಇದಕ್ಕಿಂತ ದೊಡ್ಡದು ‘ಒಣಗು’ ಎಂಬ ಮಾತಿನದು. ಬಟ್ಟೆ ಒಣಗುತ್ತದೆ, ಗಂಟಲು ಒಣಗುತ್ತದೆ, ಕೆರೆ ಒಣಗುತ್ತದೆ, ಮರ ಒಣಗುತ್ತದೆ, ಅಟ್ಟದ ಮೇಲಿನ ಕಾಯಿ ಒಣಗುತ್ತದೆ. ಬಟ್ಟೆ, ಕಾಯಿ ಒಣಗುವುದು ನಮಗೆ ಬೇಕಾದದ್ದು, ಉಳಿದವು ಬೇಡದ್ದು. ಕೇಳುವವನು ಏನು ಒಣಗಿತು ಎಂಬುದರಿಂದಲೇ ಇದು ಸಂತೋಷವೋ ಸಂಕಟವೋ ತಿಳಿದುಕೊಳ್ಳುತ್ತಾನೆ. ಕೊಬ್ಬರಿಯ ನಾಡಿನಲ್ಲಿ ‘ಕಾಯಿ ಚೆನ್ನಾಗಿ ಒಣಗಿದೆ’ ಎನ್ನುವುದಕ್ಕಿಂತ ಸಿಹಿಯಾದ ಮಾತಿಲ್ಲ. ನಾನು ಮರದ ಸಾವನ್ನು ಬರೆಯಹೊರಟು ಕೊಬ್ಬರಿಯ ಸುಗ್ಗಿಯನ್ನು ಬರೆದಿದ್ದೆ.

ಈ ತಪ್ಪಿಗೆ ಬೇರೊಬ್ಬರ ಪಾಲೂ ಉಂಟೇ ಎಂದು ಹುಡುಕುವುದು ಮನುಷ್ಯಸ್ವಭಾವ. ನಾನು ಮೊದಲು ಕೈಮಾಡಿ ತೋರಿಸಿದ್ದು ನಿಘಂಟುಗಳ ಕಡೆಗೆ. ನಮ್ಮ ಇಂಗ್ಲಿಷ್–ಕನ್ನಡ ನಿಘಂಟುಗಳ ಕ್ರಮ ಎಲ್ಲರಿಗೂ ತಿಳಿದದ್ದೇ: ಒಂದು ಇಂಗ್ಲಿಷ್ ಪದ, ಅದರ ಮುಂದೆ ಸಾಲಾಗಿ ಕನ್ನಡ ಪದಗಳು. ಇಂಗ್ಲಿಷ್ ಪುಸ್ತಕವನ್ನು ಓದುತ್ತ ಕುಳಿತ ಕನ್ನಡಿಗನಿಗೆ ಇದರಿಂದ ಮಹೋಪಕಾರವಾಗಿದೆ. ಸಾಲಿನಲ್ಲಿ ಯಾವುದೋ ಒಂದು ಪದ ಹೊಂದಿಕೊಳ್ಳುತ್ತದೆ, ಅವನು ಮುಂದೆ ಓದುತ್ತಾನೆ. ಆದರೆ ಇಂಗ್ಲಿಷ್ ಬರೆಯಲು ಕುಳಿತವನಿಗೆ, ಅಥವಾ ಮಕ್ಕಳ ಮುಂದೆ ನಿಂತು ಈ ಪದಕ್ಕೂ ಆ ಪದಕ್ಕೂ ಏನು ವ್ಯತ್ಯಾಸ ಎಂದು ವಿವರಿಸಬೇಕಾದವನಿಗೆ, ಇದೇ ಕ್ರಮ ಕೈಕೊಡುತ್ತದೆ. ನಾಲ್ಕು ಇಂಗ್ಲಿಷ್ ಪದಗಳ ಮುಂದೆ ಒಂದೇ ಕನ್ನಡ ಪದವನ್ನು ಕಂಡ ಹುಡುಗ ನಾಲ್ಕೂ ಒಂದೇ ಎಂದು ತಿಳಿಯುತ್ತಾನೆ. ಪರೀಕ್ಷೆಯ ಗೈಡುಗಳಂತೂ ಈ ದೋಷವನ್ನೇ ವ್ಯಾಪಾರ ಮಾಡಿಕೊಂಡವು. ಎಲ್ಲ ಡಬ್ಬಿಗಳ ಮೇಲೂ ‘ಪುಡಿ’ ಎಂದು ಚೀಟಿ ಅಂಟಿಸಿದ ಅಡಿಗೆಮನೆ ಅದು: ಸಾರಿನ ಪುಡಿಯೋ ಸೋಪಿನ ಪುಡಿಯೋ ರುಚಿ ನೋಡಿಯೇ ತಿಳಿಯಬೇಕು.

ಇಲ್ಲಿ ಒಂದು ಸ್ವಾರಸ್ಯವಿದೆ. ಈ ಕ್ರಮದ ನಿಘಂಟುಗಳಲ್ಲಿ ಹಿರಿಯದು, ನಮ್ಮ ಕಾಲದ ಎಲ್ಲ ಶಾಲೆಗಳ ಬೀರುವಿನಲ್ಲೂ ಇರುತ್ತಿದ್ದದ್ದು, ಮೈಸೂರು ವಿಶ್ವವಿದ್ಯಾನಿಲಯದ್ದು, 1946ರಲ್ಲಿ ಹೊರಬಂದದ್ದು. ಅದರ ಕೆಲಸ ನಡೆದದ್ದು ಬಿ. ಎಂ. ಶ್ರೀಕಂಠಯ್ಯನವರ ಹಿರಿತನದಲ್ಲಿ. ಶ್ರೀಯವರು ತೀರಿಕೊಂಡದ್ದೂ ಅದೇ ವರ್ಷದ ಜನವರಿಯಲ್ಲಿ. ಅವರು ಬೆಳ್ಳೂರಿನಲ್ಲಿ ಹುಟ್ಟಿದರೂ ಅವರ ಮನೆತನದ ಊರು ತುರುವೇಕೆರೆ ತಾಲ್ಲೂಕಿನ ಸಂಪಿಗೆ. ಹಾಗಾಗಿ ನಾವು ಅವರನ್ನು ಬಿಟ್ಟುಕೊಡುವುದಿಲ್ಲ. ಜೀವಮಾನವಿಡೀ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿ, 1911ರಲ್ಲಿ ಧಾರವಾಡದಲ್ಲಿ ನಿಂತು ಕನ್ನಡ ತಲೆಯೆತ್ತುವ ಬಗೆ ಯಾವುದೆಂದು ಮಾತಾಡಿದವರು. ಅವರು ಇಂಗ್ಲಿಷಿನಿಂದ ತಂದ ಕವಿತೆಗಳ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಬಂತು. ನಿಘಂಟಿನ ಶ್ರೀಯವರು ಪದಗಳನ್ನು ಸಾಲಾಗಿ ನಿಲ್ಲಿಸುತ್ತಾರೆ; ಗೀತಗಳ ಶ್ರೀಯವರು ಸಾಲಿನಿಂದ ಒಂದನ್ನು ಕೈಹಿಡಿದು ಎಬ್ಬಿಸಿ ಉಳಿದವನ್ನು ಮನೆಗೆ ಕಳಿಸುತ್ತಾರೆ. ನನಗೆ ಬೇಕಾಗಿದ್ದ ಪಾಠ ನಿಘಂಟಿನಲ್ಲಿ ಇರಲಿಲ್ಲ, ಗೀತಗಳಲ್ಲಿತ್ತು. ಅದು ನನಗೆ ಕಂಡದ್ದು ಆ ಅರ್ಜಿಯ ಅವಮಾನವಾದ ಮೇಲೆ.

ಕ್ಯಾಂಬೆಲ್ ಕವಿಯ ಲಾರ್ಡ್ ಅಲಿನ್ನನ ಮಗಳ ಕಥನಕವನವನ್ನು ತೆಗೆದುಕೊಳ್ಳಿ. ತಂದೆಗೆ ಹೇಳದೆ ಪ್ರಿಯನೊಡನೆ ಓಡಿಬಂದ ಹುಡುಗಿ, ಹಿಂದೆ ಅಟ್ಟಿಬರುವ ತಂದೆ, ಎದುರಿಗೆ ಬಿರುಗಾಳಿಯ ನೀರು. ಲಾರ್ಡ್ ಎಂಬುದಕ್ಕೆ ಕನ್ನಡದಲ್ಲಿ ಪದಗಳಿಗೆ ಬರವೇ? ಪ್ರಭು, ಒಡೆಯ, ದೊರೆ, ಸ್ವಾಮಿ, ಧಣಿ, ಅರಸು. ಶ್ರೀಯವರು ಇವಾವುದನ್ನೂ ಮುಟ್ಟದೆ ‘ಹೆಗ್ಗಡೆ’ ಎಂದರು. ಕವಿತೆ ‘ಕಾರಿಹೆಗ್ಗಡೆಯ ಮಗಳು’ ಆಯಿತು. ಹುಡುಗಿಯ ಪ್ರಿಯ ಇಂಗ್ಲಿಷಿನಲ್ಲಿ ಚೀಫ್ಟನ್. ನಾಯಕ, ಮುಖಂಡ, ಒಡೆಯ ಎನ್ನಬಹುದಾಗಿತ್ತು. ಅವನು ಕನ್ನಡದಲ್ಲಿ ‘ಗೌಡ’ನಾದ. ದೋಣಿ ನಡೆಸುವವನು ನಾವಿಕನಲ್ಲ, ‘ತೊರೆಯ’. ಅವನಿಗೆ ಕೊಡುವ ಬೆಳ್ಳಿಯ ಪೌಂಡು ‘ಹೊನ್ನು’.

ಇಲ್ಲಿ ಅರ್ಥದ ಲೆಕ್ಕ ಹಾಕುವವರು ಗೊಣಗಬಹುದು. ಸ್ಕಾಟ್ಲೆಂಡಿನ ಲಾರ್ಡಿಗೂ ನಮ್ಮ ಹೆಗ್ಗಡೆಗೂ ಯಾವ ಹೋಲಿಕೆ? ಬೆಳ್ಳಿ ಚಿನ್ನವಾದದ್ದು ಹೇಗೆ? ಗೊಣಗಾಟ ನ್ಯಾಯವಾದದ್ದೇ. ಆದರೆ ಶ್ರೀಯವರು ಲಾರ್ಡ್ ಎಂಬ ಪದದ ಅರ್ಥವೇನು ಎಂದು ಮಾತ್ರ ಕೇಳಿಕೊಂಡಿದ್ದರೆ ಅವರಿಗೆ ‘ಪ್ರಭು’ ಸಿಕ್ಕುತ್ತಿತ್ತು. ಅವರು ಕೇಳಿಕೊಂಡಂತೆ ತೋರುವ ಪ್ರಶ್ನೆ ಬೇರೆ: ಮಗಳು ಓಡಿಹೋದರೆ ಕುದುರೆ ಹತ್ತಿ ಬೆನ್ನಟ್ಟುವ, ಊರಿನ ಮುಂದೆ ಮಾನ ಹೋಯಿತೆಂದು ಹಲ್ಲು ಕಡಿಯುವ ತಂದೆಯನ್ನು ಈ ಕೇಳುಗ ಯಾವ ಹೆಸರಿನಿಂದ ಬಲ್ಲ? ಪ್ರಭುವನ್ನು ಈ ಕೇಳುಗ ಕಂಡಿಲ್ಲ. ಹೆಗ್ಗಡೆಯನ್ನೂ ಗೌಡನನ್ನೂ ಕಂಡಿದ್ದಾನೆ, ಅವರ ಮನೆಗಳ ನಡುವಿನ ಹಟವನ್ನೂ ಕಂಡಿದ್ದಾನೆ. ಕವಿತೆಯ ಮೊದಲ ಪದ್ಯದಲ್ಲೇ ಗೌಡ ಬಂದು ನಿಂತಾಗ ಅರ್ಧ ಕಥೆಯನ್ನು ಕೇಳುಗ ತಾನೇ ಹೇಳಿಕೊಂಡುಬಿಡುತ್ತಾನೆ. ವಿವರಿಸುವವನಿಗೆ ಇದಕ್ಕಿಂತ ದೊಡ್ಡ ಸಹಾಯ ಯಾವುದು?

ಶ್ರೀಯವರು ಈ ಕ್ರಮವನ್ನು ಎಷ್ಟು ದೂರ ಕೊಂಡೊಯ್ದರೆಂದರೆ ಗ್ರೀಕ್ ನಾಟಕದ ಏಜಾಕ್ಸನನ್ನೇ ತೆಗೆದು ಅಶ್ವತ್ಥಾಮನನ್ನು ಕೂರಿಸಿದರು. ಪದಕ್ಕೆ ಬದಲು ಪದ ಎನ್ನುವುದು ಹೋಗಿ ಮನುಷ್ಯನಿಗೆ ಬದಲು ಮನುಷ್ಯ ಎಂಬಂತಾಯಿತು. ರಾತ್ರಿಯ ಕೊಲೆ, ಕುರುಡು ರೋಷ, ವೀರನ ಅವಮಾನ ಇವೆಲ್ಲ ಹೊಂದುತ್ತವೆ, ನಿಜ. ಆದರೆ ಅಶ್ವತ್ಥಾಮ ಚಿರಂಜೀವಿ ಎಂದು ಬೆಳಗಿನ ಶ್ಲೋಕದಲ್ಲೇ ಹೇಳಿಕೊಳ್ಳುವ ಜನರ ಮುಂದೆ ಅವನಿಗೆ ಏಜಾಕ್ಸನ ಹಣೆಬರಹ ಅಂಟಿಸುವುದು ಸುಲಭವಲ್ಲ. ಪರಿಚಯದ ಹೆಸರು ತನ್ನ ಹಳೆಯ ನೆಂಟಸ್ತಿಕೆಯನ್ನೆಲ್ಲ ಕರೆದುಕೊಂಡೇ ಬರುತ್ತದೆ. ಬೇಡವೆಂದರೂ ಪಂಕ್ತಿಯಲ್ಲಿ ಕೂರುತ್ತದೆ. ‘ಪಾರಸಿಕರು’ ನಾಟಕದಲ್ಲಿ ಅವರು ಹೀಗೆ ಮಾಡದೆ ಪರದೇಶದವರನ್ನು ಪರದೇಶದವರಾಗಿಯೇ ಉಳಿಸಿದರು. ಅದನ್ನು ನಾನು ಹೆಚ್ಚು ಮೆಚ್ಚುತ್ತೇನೆ.

ಇನ್ನೊಂದು ಕಡೆ ನನಗೆ ಅವರ ಆಯ್ಕೆ ಒಪ್ಪಿಗೆಯಾಗಿಲ್ಲ. ಥಾಮಸ್ ಹುಡ್ ಎಂಬಾತನ ‘ಬ್ರಿಡ್ಜ್ ಆಫ್ ಸೈಸ್’ ಎಂಬ ಕವಿತೆ ನೀರಿಗೆ ಬಿದ್ದು ಸತ್ತ ಒಬ್ಬ ಹೆಣ್ಣುಮಗಳನ್ನು ಕುರಿತದ್ದು. ಶ್ರೀಯವರು ಅದಕ್ಕೆ ‘ದುಃಖಸೇತು’ ಎಂದು ಹೆಸರಿಟ್ಟರು. ಸೈ ಎಂದರೆ ನಿಟ್ಟುಸಿರು. ನಿಟ್ಟುಸಿರು ದುಃಖದ ಗುರುತು, ದುಃಖವೇ ಅಲ್ಲ. ಇಂಗ್ಲಿಷ್ ಹೆಸರು ಉಸಿರನ್ನು ಕೇಳಿಸಿ ದುಃಖವನ್ನು ನಮ್ಮ ಊಹೆಗೆ ಬಿಡುತ್ತದೆ. ಕನ್ನಡದ ಹೆಸರು ದುಃಖ ಎಂದು ಚೀಟಿ ಅಂಟಿಸಿ ಉಸಿರನ್ನು ನಿಲ್ಲಿಸಿಬಿಡುತ್ತದೆ. ‘ನಿಟ್ಟುಸಿರಿನ ಸೇತುವೆ’ ಎಂದರೆ ಹೆಸರು ಉದ್ದವಾಗುತ್ತಿತ್ತು ಎಂಬುದು ಗೊತ್ತು. ಹೆಗ್ಗಡೆ, ಗೌಡ, ತೊರೆಯರನ್ನು ಹುಡುಕಿ ತಂದ ಕೈಯೇ ಇಲ್ಲಿ ಸಾಲಿನ ಮೊದಲ ಪದವನ್ನು ಎತ್ತಿಕೊಂಡಿತೇ ಎಂಬುದು ನನ್ನ ಅನುಮಾನ. ಇದೇ ತಪ್ಪನ್ನು ನಾನು ಅರ್ಜಿಯಲ್ಲಿ ಮಾಡಿದವನು. ಅದಕ್ಕೇ ಬೇಗ ಗುರುತು ಸಿಕ್ಕಿತು.

ಎಲ್ಲರಿಗೂ ಗೊತ್ತಿರುವ ‘ಕರುಣಾಳು ಬಾ ಬೆಳಕೆ’ಯ ಮಾತು ಬೇರೆ. ನ್ಯೂಮನ್ 1833ರಲ್ಲಿ ಬರೆದ ‘ಲೀಡ್, ಕೈಂಡ್ಲಿ ಲೈಟ್’ ಅದರ ಮೂಲ. ಒಮ್ಮೆ ನಾನು ಹತ್ತನೆಯ ತರಗತಿಯಲ್ಲಿ ಈ ಇಂಗ್ಲಿಷ್ ಹೆಸರನ್ನು ಬೋರ್ಡಿನ ಮೇಲೆ ಬರೆದು ಅರ್ಥ ಕೇಳಿದೆ. ಒಬ್ಬ ಹುಡುಗ ಥಟ್ಟನೆ ಎದ್ದು, “ದಯವಿಟ್ಟು ದಾರಿ ತೋರಿಸು ಬೆಳಕೇ, ಸಾರ್” ಎಂದ. ಅವನಿಗೆ ಕೈಂಡ್ಲಿ ಗೊತ್ತಿದ್ದುದು ರಜಾಚೀಟಿಯಿಂದ: ಕೈಂಡ್ಲಿ ಗ್ರಾಂಟ್ ಮಿ ಲೀವ್. ತರಗತಿಯಲ್ಲಿ ನಕ್ಕವರು ಯಾರೂ ಇರಲಿಲ್ಲ, ಏಕೆಂದರೆ ಎಲ್ಲರಿಗೂ ಅದು ಅಲ್ಲಿಂದಲೇ ಗೊತ್ತು. ಬೆಳಕಿಗೆ ರಜಾಚೀಟಿ ಬರೆಯುತ್ತಿಲ್ಲ, ಬೆಳಕೇ ಕರುಣೆಯುಳ್ಳದ್ದು ಎನ್ನುತ್ತಿದೆ ಎಂದು ವಿವರಿಸಲು ನಾನು ಏನೇನೋ ಹೇಳಿದೆ. ಕೊನೆಗೆ ನೆರವಾದದ್ದು ಶ್ರೀಯವರ ‘ಕರುಣಾಳು’ ಎಂಬ ಒಂದು ಪದ. ‘ಲೀಡ್’ ಇರುವ ಕಡೆ ಅವರು ಹೆಸರಿನಲ್ಲಿ ‘ಬಾ’ ಎಂದದ್ದನ್ನೂ ಗಮನಿಸಿ. ಮುನ್ನಡೆಸು ಎಂದಿಲ್ಲ. ಕತ್ತಲಾದ ಮೇಲೆ ತೋಟದಲ್ಲಿ ಸಿಕ್ಕಿಕೊಂಡವನು ಲಾಟೀನು ಹಿಡಿದವನನ್ನು ಕಂಡರೆ ಮೊದಲು ಕೂಗುವುದು ‘ಬಾ’ ಎಂದೇ. ದಾರಿ ತೋರಿಸುವ ಮಾತು ಅವನು ಹತ್ತಿರ ಬಂದ ಮೇಲೆ.

ತರಗತಿಯ ವಿಷಯ ಬಂತು. ಅದನ್ನು ಸ್ವಲ್ಪ ಹೇಳಿಬಿಡುತ್ತೇನೆ. ಇಂಗ್ಲಿಷ್ ಮೇಷ್ಟರ ಪಾಡು ಅನುವಾದಕನ ಪಾಡಿಗಿಂತ ಕಷ್ಟದ್ದು. ಅನುವಾದಕ ಒಂದನ್ನು ಆರಿಸಿದರೆ ಮುಗಿಯಿತು. ಮೇಷ್ಟರು ಏಕೆ ಇದು, ಏಕೆ ಅದಲ್ಲ ಎಂದು ಹೇಳಬೇಕು. ‘ನಮ್ಮ ಊರು’ ಎಂಬ ಪ್ರಬಂಧದಲ್ಲಿ ವರ್ಷಕ್ಕೆ ಒಬ್ಬನಾದರೂ ಬೆಟ್ಟವನ್ನು ‘ಟಾಲ್’ ಎಂದೂ ತೆಂಗಿನ ಮರವನ್ನು ‘ಹೈ’ ಎಂದೂ ಬರೆಯುತ್ತಿದ್ದ. ಕನ್ನಡದಲ್ಲಿ ಬೆಟ್ಟವೂ ಎತ್ತರ, ಮರವೂ ಎತ್ತರ, ಅಟ್ಟವೂ ಎತ್ತರ, ಹುಡುಗಿಗೆ ನೋಡಿದ ವರನೂ ಎತ್ತರ. ನಾನು ಮೊದಮೊದಲು ಕೆಂಪು ಶಾಯಿಯಲ್ಲಿ ತಿದ್ದಿ ಸುಮ್ಮನಾಗುತ್ತಿದ್ದೆ. ಒಂದು ದಿನ ಒಬ್ಬಳು, “ಸಾರ್, ಹಂಗಾದ್ರೆ ಮರದ ಮೇಲಿರೋ ಎಳನೀರು ಟಾಲಾ ಹೈಯಾ?” ಎಂದು ಕೇಳಿದಳು. ವ್ಯಾಕರಣದ ಪುಸ್ತಕಗಳು ಕೊಡದ ಬೆಳಕು ಅದು. ಎಳನೀರು ಟಾಲ್ ಆಗಲು ಸಾಧ್ಯವೇ ಇಲ್ಲ, ಅದು ಹೈ. ಮರ ನೆಲದಿಂದ ತನ್ನ ಮೈಯನ್ನೇ ಮೇಲಕ್ಕೆ ಬೆಳೆಸಿಕೊಂಡು ನಿಂತಿದೆ, ಆದ್ದರಿಂದ ಟಾಲ್. ಎಳನೀರಿನ ಮೈ ಒಂದು ಗೇಣು. ಅದು ಇರುವ ಜಾಗ ಮೇಲೆ. ಬೆಟ್ಟಕ್ಕೆ ಏಕೆ ಹೈ ಎನ್ನುತ್ತಾರೆ ಎಂದು ಅವಳು ಮತ್ತೆ ಕೇಳಿದಳು. ಅಗಲವಾಗಿ ಕೂತದ್ದಕ್ಕೆ ಟಾಲ್ ಒಗ್ಗುವುದಿಲ್ಲ, ಸಣ್ಣಗೆ ನಿಂತದ್ದಕ್ಕೆ ಒಗ್ಗುತ್ತದೆ ಎಂದೆ. ಅದು ಪೂರ್ತಿ ಉತ್ತರವಲ್ಲ. ಆದರೆ ಆ ವರ್ಷ ಆ ತರಗತಿಯಲ್ಲಿ ಯಾರೂ ತಪ್ಪಲಿಲ್ಲ. ನಮ್ಮ ಊರಿನ ಹೆಸರನ್ನೇ ಹೊತ್ತ ತೆಂಗಿನ ತಳಿಗೆ ಇಲಾಖೆಯವರು ‘ತಿಪಟೂರು ಟಾಲ್’ ಎನ್ನುತ್ತಾರೆ, ‘ತಿಪಟೂರು ಹೈ’ ಎನ್ನುವುದಿಲ್ಲ ಎಂದು ಕೊನೆಗೆ ಒಂದು ಮೊಳೆ ಹೊಡೆದೆ.

ಕನ್ನಡವೇ ಹೆಚ್ಚು ಸೂಕ್ಷ್ಮವಾಗಿರುವ ಕಡೆ ಮೇಷ್ಟರಿಗೆ ಬೇರೆ ಪಾಡು. ಮಾವು ಮೊದಲು ಕಾಯಿ, ಆಮೇಲೆ ಹಣ್ಣು. ತೆಂಗಿಗೆ ಆ ಭಾಗ್ಯವಿಲ್ಲ. ಎಷ್ಟು ಬಲಿತರೂ ಅದು ಕಾಯಿಯೇ. ಇಂಗ್ಲಿಷಿನವರು ತೆಂಗಿನಕಾಯಿಗೂ ‘ರೈಪ್’ ಎಂದುಬಿಡುತ್ತಾರೆ, ‘ಮೆಚ್ಯೂರ್’ ಎಂದೂ ಅನ್ನುತ್ತಾರೆ. ಹಣ್ಣಾಗುವುದಕ್ಕೆ ಒಂದು, ಬಲಿಯುವುದಕ್ಕೆ ಒಂದು ಎಂದು ನಾನು ಹೇಳಿಕೊಟ್ಟ ಮರುವಾರ ಒಬ್ಬ ಹುಡುಗ ‘ದೇವರಿಗೆ ಹಣ್ಣುಕಾಯಿ ಮಾಡಿಸಿದೆವು’ ಎಂಬುದನ್ನು ದೇವರಿಗೆ ಹಣ್ಣಾದ ಹಣ್ಣುಗಳನ್ನೂ ಹಣ್ಣಾಗದ ಹಣ್ಣುಗಳನ್ನೂ ಕೊಟ್ಟೆವು ಎಂಬರ್ಥದ ಇಂಗ್ಲಿಷಿನಲ್ಲಿ ಬರೆದ. ಪಾಠ ಹೆಚ್ಚಾದರೂ ಕಷ್ಟ.

ಎಲ್ಲವೂ ಇಷ್ಟು ಹಗುರವಲ್ಲ. ‘ನಮ್ಮಪ್ಪ ಮರಕ್ಕೆ ಔಷಧಿ ಹೊಡೆಯುತ್ತಾರೆ’ ಎಂಬುದನ್ನು ಮಕ್ಕಳು ‘ಮೆಡಿಸಿನ್’ ಎಂದೇ ಬರೆಯುತ್ತಿದ್ದರು. ಪೆಸ್ಟಿಸೈಡ್ ಎಂದು ತಿದ್ದುತ್ತಿದ್ದೆ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ನಮ್ಮ ತೋಟಗಳಿಗೂ ಬಂದು ಎಳೆಗಾಯಿಯ ತೊಟ್ಟಿನಡಿ ಸೇರಿಕೊಂಡಾಗ ಈ ತಿದ್ದುಪಡಿ ಬರಿಯ ಇಂಗ್ಲಿಷಿನದಲ್ಲ ಎಂದು ಗೊತ್ತಾಯಿತು. ಜನ ಅದನ್ನು ‘ನುಸಿರೋಗ’ ಎಂದರು. ನುಸಿ ಎಂಬುದು ಚೆನ್ನಾದ ಆಯ್ಕೆ. ಕಣ್ಣಿಗೆ ಕಾಣದಷ್ಟು ಸಣ್ಣದಕ್ಕೆ ನಮ್ಮಲ್ಲಿ ಮೊದಲಿಂದ ಇದ್ದ ಹೆಸರು. ರೋಗ ಎಂಬುದು ಮಾತ್ರ ಸರಿಯಿಲ್ಲ. ಇಂಗ್ಲಿಷಿನಲ್ಲಿ ಪೆಸ್ಟ್ ಬೇರೆ, ಡಿಸೀಸ್ ಬೇರೆ. ನುಸಿ ರೋಗವಲ್ಲ, ಕೀಟವೂ ಅಲ್ಲ. ನಾಲ್ಕೇ ಕಾಲಿನ, ಜೇಡನ ದೂರದ ನೆಂಟ. ಕಾಂಡ ಸೋರುವುದು, ಅಣಬೆ ರೋಗ ಇವು ನಿಜವಾದ ರೋಗಗಳು. ಎರಡಕ್ಕೂ ಒಂದೇ ‘ರೋಗ’, ಎರಡಕ್ಕೂ ಒಂದೇ ‘ಔಷಧಿ’ ಎಂದಾಗ ಅಂಗಡಿಯವನು ಕೊಟ್ಟದ್ದೇ ಔಷಧಿಯಾಗುತ್ತದೆ. ಡಬ್ಬಿಯ ಮೇಲೆ ವಿಷ ಎಂದು ಅಚ್ಚಾಗಿರುತ್ತದೆ, ಬಾಯಲ್ಲಿ ಔಷಧಿ ಎಂದಿರುತ್ತದೆ. ಬಾಯಿಯ ಮಾತನ್ನು ನಂಬಿದವನು ಕೈಗೆ ಬಟ್ಟೆ ಸುತ್ತಿಕೊಳ್ಳುವುದಿಲ್ಲ. ಇಲ್ಲಿ ನಾನು ಜನರ ಮಾತಿನ ಪರ ನಿಲ್ಲಲಾರೆ. ಹೆಗ್ಗಡೆಯಂಥ ಪರಿಚಯದ ಪದ ಕಥೆಗೆ ಉಪಕಾರ ಮಾಡಿದಷ್ಟೇ, ಔಷಧಿಯೆಂಬ ಪರಿಚಯದ ಪದ ಇಲ್ಲಿ ಅಪಕಾರ ಮಾಡುತ್ತದೆ.

ಹಾಗಾದರೆ ಯಾವಾಗ ಪರಿಚಯದ ಪದ, ಯಾವಾಗ ಬೇರ್ಪಡಿಸುವ ಪದ? ಈ ಪ್ರಶ್ನೆಗೆ ನಮ್ಮ ಇನ್ನೊಬ್ಬ ಶ್ರೀಕಂಠಯ್ಯನವರ ಕಡೆ ನೋಡುತ್ತೇನೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ 1953ರಲ್ಲಿ ಬಂತು. ಶಾಸ್ತ್ರಗ್ರಂಥವೊಂದನ್ನು ತಿಳಿಗನ್ನಡದಲ್ಲಿ ಬರೆಯಬಹುದೆಂದು ತೋರಿಸಿದ ಪುಸ್ತಕ ಅದು. ಒಂದು ಪಾರಿಭಾಷಿಕ ಪದ ಬಂದರೆ ಅದರ ಪಕ್ಕದ ಪದದಿಂದ ಅದನ್ನು ಬಿಡಿಸಿ ನಿಲ್ಲಿಸಿಯೇ ಮುಂದೆ ಹೋಗುತ್ತಾರೆ. ಔಚಿತ್ಯದ ವಿಚಾರದಲ್ಲಿ ಕಾಶ್ಮೀರದ ಕ್ಷೇಮೇಂದ್ರ ಹೇಳುವ ಮಾತು ಅಲಂಕಾರಶಾಸ್ತ್ರ ಓದಿದವರಿಗೆಲ್ಲ ಗೊತ್ತು: ಡಾಬನ್ನು ಕೊರಳಿಗೂ ಹಾರವನ್ನು ಸೊಂಟಕ್ಕೂ ತೊಟ್ಟುಕೊಂಡು ಹೊರಟರೆ ಯಾರು ನಗುವುದಿಲ್ಲ? ಡಾಬೂ ಚಿನ್ನದ್ದೇ, ಹಾರವೂ ಚಿನ್ನದ್ದೇ. ನನ್ನ ‘ಡ್ರೈಡ್’ ಕೂಡ ಅಪ್ಪಟ ಇಂಗ್ಲಿಷೇ ಆಗಿತ್ತು.

ತೀ.ನಂ.ಶ್ರೀ. ಸಂವಿಧಾನವನ್ನು ಕನ್ನಡಕ್ಕೆ ತರುವ ಕೆಲಸದಲ್ಲೂ ದುಡಿದವರು. ಪ್ರೆಸಿಡೆಂಟ್ ಎಂಬುದಕ್ಕೆ ಅಲ್ಲಿ ‘ರಾಷ್ಟ್ರಪತಿ’ ಎಂದು ನಿಲ್ಲಿಸಿದ ಕೀರ್ತಿಯನ್ನು ನಮ್ಮ ಕಡೆಯವರು ಅವರಿಗೇ ಕೊಡುತ್ತಾರೆ. ಪದ ಅದಕ್ಕೆ ಮುಂಚೆ ಇರಲಿಲ್ಲವೆಂದಲ್ಲ. ಸ್ವಾತಂತ್ರ್ಯಕ್ಕೆ ಮೊದಲು ಕಾಂಗ್ರೆಸ್ಸಿನ ಅಧ್ಯಕ್ಷರನ್ನೇ ರಾಷ್ಟ್ರಪತಿ ಎಂದು ಕರೆಯುವ ವಾಡಿಕೆಯಿತ್ತು. ಹೊಸದಾಗಿ ಹುಟ್ಟಿಸುವುದಕ್ಕಿಂತ, ಇರುವುದನ್ನು ಎತ್ತಿ ಸರಿಯಾದ ಪೀಠದಲ್ಲಿ ಕೂರಿಸುವುದು ದೊಡ್ಡ ಕೆಲಸ. ಈಗ ನೋಡಿ: ಇಂಗ್ಲಿಷಿನಲ್ಲಿ ದೇಶದ ಪ್ರೆಸಿಡೆಂಟರೂ ಹಾಲಿನ ಸೊಸೈಟಿಯ ಪ್ರೆಸಿಡೆಂಟರೂ ಒಂದೇ ಪದದಲ್ಲಿ ಇಕ್ಕಟ್ಟಾಗಿ ಕೂತಿದ್ದಾರೆ. ಕನ್ನಡದಲ್ಲಿ ಸೊಸೈಟಿಯವರು ಅಧ್ಯಕ್ಷರು, ಪಂಚಾಯಿತಿಯವರು ಅಧ್ಯಕ್ಷರು, ಅಮೆರಿಕದವರೂ ಅಧ್ಯಕ್ಷರೇ. ನಮ್ಮ ದೇಶದವರು ಮಾತ್ರ ರಾಷ್ಟ್ರಪತಿ. ಅಮೆರಿಕದವರನ್ನು ನಮ್ಮ ಸೊಸೈಟಿಯವರ ಜೊತೆಗೆ ಕೂರಿಸಿದ್ದರಲ್ಲಿ ನನಗೆ ಒಂದು ಬಗೆಯ ತೃಪ್ತಿಯೂ ಇದೆ. ಗಟ್ಟಿಯಾಗಿ ಬೇರ್ಪಡಿಸಬೇಕಾದ ಕಡೆ ಬೇರ್ಪಡಿಸಿ, ಉಳಿದ ಕಡೆ ಜನರ ಬಾಯಿಗೆ ಬಿಟ್ಟದ್ದು ಈ ಆಯ್ಕೆಯ ಹೆಚ್ಚುಗಾರಿಕೆ.

ನಮ್ಮ ಬದುಕಿಗೆ ಹತ್ತಿರದ ಒಂದು ಉದಾಹರಣೆ ಉಳಿದಿದೆ. ಕೊಬ್ಬರಿ. ಇಂಗ್ಲಿಷಿನ ‘ಕೋಪ್ರಾ’ ಪೋರ್ಚುಗೀಸರ ಮೂಲಕ ಮಲಯಾಳದಿಂದ ಹೋದದ್ದು. ಹಾಗಾಗಿ ಅದು ನಮ್ಮ ಕೊಬ್ಬರಿಯ ಒಡಹುಟ್ಟು. ಒಡಹುಟ್ಟಿದವರಾದರೂ ಬೇರೆ ಮನೆ ಸೇರಿದ ಮೇಲೆ ಸ್ವಭಾವ ಬೇರೆಯಾಯಿತು. ಇಂಗ್ಲಿಷಿನಲ್ಲಿ ಕೋಪ್ರಾ ಎಂದರೆ ಎಣ್ಣೆ ತೆಗೆಯಲು ಒಣಗಿಸಿದ ತಿರುಳು. ಕಾಯಿ ಒಡೆದು ಹೋಳುಮಾಡಿ ಬಿಸಿಲಿಗೋ ಹೊಗೆಗೋ ಇಟ್ಟು ಕೆಲವೇ ದಿನಗಳಲ್ಲಿ ಮುಗಿಸುವ ಕೆಲಸ. ತಿಪಟೂರಿನವನಿಗೆ ಕೊಬ್ಬರಿ ಎಂದರೆ ಅದಲ್ಲ. ಬಲಿತ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟದ ಮೇಲೆ ಹಾಕಿ, ಹತ್ತು ಹನ್ನೊಂದು ತಿಂಗಳು ಕಾದು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಒಳಗೆ ಗುಂಡು ಉರುಳುವ ಸದ್ದು ಬಂದ ಮೇಲೆ ಸುಲಿದು, ಚಿಪ್ಪನ್ನು ಹದವಾಗಿ ಒಡೆದು ಇಡಿಯಾಗಿ ತೆಗೆದದ್ದು ಕೊಬ್ಬರಿ. ತಿನ್ನುವ ಕೊಬ್ಬರಿ, ಮದುವೆಯ ಕೊಬ್ಬರಿ. ಉತ್ತರ ಕರ್ನಾಟಕಕ್ಕೆ ಹೋದರೆ ಹಸಿಯ ತಿರುಳಿಗೂ ‘ಹಸಿ ಕೊಬ್ಬರಿ’ ಎನ್ನುತ್ತಾರೆ. ನಮ್ಮವರಿಗೆ ಅದು ಹಸಿ ಒಣಮೆಣಸಿನಕಾಯಿ ಎಂದಂತೆ ಕೇಳುತ್ತದೆ.

ಸರ್ಕಾರದ ಬೆಂಬಲ ಬೆಲೆಯ ಆದೇಶದಲ್ಲಿ ಈ ವ್ಯತ್ಯಾಸಕ್ಕೆ ದುಡ್ಡಿನ ತೂಕವಿದೆ. 2025ರ ಹಂಗಾಮಿಗೆ ಎಣ್ಣೆಯ ‘ಮಿಲ್ಲಿಂಗ್ ಕೋಪ್ರಾ’ಕ್ಕೆ ಕ್ವಿಂಟಲಿಗೆ 11,582 ರೂಪಾಯಿ, ‘ಬಾಲ್ ಕೋಪ್ರಾ’ಕ್ಕೆ 12,100 ರೂಪಾಯಿ ಇತ್ತು. ಐನೂರ ಹದಿನೆಂಟು ರೂಪಾಯಿಯ ಅಂತರ ಒಂದು ‘ಬಾಲ್’ ಎಂಬ ಪದದ ಮೇಲೆ ನಿಂತಿತ್ತು. ಆದೇಶವನ್ನು ವಿವರಿಸುವವನು ಬರಿಯ ಕೋಪ್ರಾ ಎಂದು ಓದಿ ಮೊದಲ ಅಂಕಿಯನ್ನು ಹೇಳಿದರೆ ಕೇಳಿದವನು ಬೆಲೆ ಕಡಮೆಯಾಯಿತೆಂದು ಮನೆಗೆ ಹೋಗುತ್ತಾನೆ. ಇನ್ನು ಆ ಬಾಲ್ ಎಂಬುದು ನಿಘಂಟಿನ ಸಾಲಿನಲ್ಲಿ ಚೆಂಡು. ಗುಂಡು, ಗೋಳ, ಉಂಡೆ ಇವೂ ದುಂಡಗಿನವೇ. ಮಾರುಕಟ್ಟೆ ಯಾವ ಪಂಡಿತರನ್ನೂ ಕೇಳದೆ ‘ಉಂಡೆ ಕೊಬ್ಬರಿ’ ಎಂದುಕೊಂಡಿತು. ಚೆಂಡು ಆಡುವುದಕ್ಕೆ, ಗುಂಡು ಹೊಡೆಯುವುದಕ್ಕೆ, ಗೋಳ ಭೂಗೋಳದ ಪಾಠಕ್ಕೆ, ಉಂಡೆ ತಿನ್ನುವುದಕ್ಕೆ. ಕಾರಿಹೆಗ್ಗಡೆಯನ್ನು ಆರಿಸಿದ ಕಿವಿಯೂ ಇದನ್ನು ಆರಿಸಿದ ಕಿವಿಯೂ ಒಂದೇ ಸೀಮೆಯವು ಎಂದು ಹೇಳಿಕೊಳ್ಳುವ ಆಸೆ ನನಗೆ.

ದೊಡ್ಡಪ್ಪನ ಎರಡನೆಯ ಅರ್ಜಿಯ ಕಥೆ ಹೇಳದೆ ಬಿಟ್ಟೆ. ಆ ಸಲ ನಾನು ಜಗಲಿಯ ಮೇಲೆ ಬರೆಯಲಿಲ್ಲ. ಅವರ ಜೊತೆ ತೋಟಕ್ಕೆ ಹೋಗಿ ಒಂದೊಂದು ಮರದ ಬುಡದಲ್ಲೂ ನಿಂತು ತಲೆಯೆತ್ತಿ ನೋಡಿದೆ. ನಲವತ್ತರಲ್ಲಿ ಮೂವತ್ತನಾಲ್ಕರ ಸುಳಿ ಬಿದ್ದಿತ್ತು. ಆರರಲ್ಲಿ ಗರಿ ಒಣಗಿದ್ದರೂ ಸುಳಿ ನೆಟ್ಟಗಿತ್ತು. ಕನ್ನಡದಲ್ಲಿ ನಲವತ್ತೂ ‘ಒಣಗಿದವು’. ಇಂಗ್ಲಿಷಿನಲ್ಲಿ ಹಾಗೆ ಹೇಳಲು ಬಾರದು. ಸತ್ತವು ಎನ್ನಬೇಕು, ಅಥವಾ ಸಾಯುತ್ತಿವೆ ಎನ್ನಬೇಕು. ನಲವತ್ತೂ ಸತ್ತವು ಎಂದು ಬರೆದರೆ ಅವರಿಗೆ ಅನುಕೂಲವೇ ಇತ್ತು. ಕೇಳಿದೆ.

“ಆ ಆರು ಸತ್ತೋ ಅಂತ ಬರೀಬ್ಯಾಡಿ ಮೇಷ್ಟ್ರೇ” ಎಂದರು. “ಮಳೆ ಬಂದ್ರೆ ಬದುಕ್ತವೆ.”

“ಉಳಿದ ಮೂವತ್ತನಾಲ್ಕು?”

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆ ಮರಗಳಲ್ಲಿ ಹೆಚ್ಚಿನವನ್ನು ನೆಟ್ಟು ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದವರು ಅವರೇ. “ಒಣಗವೆ ಅಂತ್ಲೇ ಬರೀರಿ. ಮರಕ್ಕೆ ಸತ್ತೋಯ್ತು ಅಂತಾರಾ ಯಾರಾದ್ರೂ?”

ಇಂಗ್ಲಿಷಿನಲ್ಲಿ ಅನ್ನುತ್ತಾರೆ, ಅನ್ನಲೇಬೇಕು. ಮೂವತ್ತನಾಲ್ಕು ಟ್ರೀಸ್ ಹ್ಯಾವ್ ಡೈಡ್, ಆರು ಆರ್ ಡೈಯಿಂಗ್ ಎಂದು ಬರೆದೆ. ಬರೆದದ್ದನ್ನು ಓದಿ ಅರ್ಥ ಹೇಳಿ ಎಂದು ಅವರು ಕೇಳಿದರು. ಕಾಗದವನ್ನು ಎದುರಿಗೆ ಹಿಡಿದುಕೊಂಡು, ಮೂವತ್ತನಾಲ್ಕು ತೆಂಗು ಒಣಗಿದವು, ಆರು ಒಣಗುತ್ತಿವೆ ಎಂದು ಓದಿ ಹೇಳಿದೆ. ಅವರು ತಲೆಯಾಡಿಸಿ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡರು.